ಮುಯ್ಯಿಯೂ ಕರಾರೂ: ಮಾಲಿನೋವ್‌ಸ್ಕಿಯ ಒಂದು ಗ್ರಂಥದ ವಿಮರ್ಶೆ

ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿಯು 1926ರಲ್ಲಿ ಪ್ರಕಟಿಸಿದ ‘ಕ್ರೈಮ್ ಅಂಡ್ ಕಸ್ಟಮ್ ಇನ್ ಸ್ಯಾವೇಜ್ ಸೊಸೈಟಿ’ ಎಂಬ ಗ್ರಂಥವು ಗಾತ್ರದಲ್ಲಿ ಕಿರಿದಾದರೂ ಎತ್ತಿದ ಪ್ರಶ್ನೆಯಲ್ಲಿ ಹಿರಿದು. ನ್ಯಾಯಾಲಯವಿಲ್ಲದ, ದಂಡಾಧಿಕಾರಿಯಿಲ್ಲದ, ಬರಹವೇ ಇಲ್ಲದ ಜನಸಮುದಾಯದಲ್ಲಿ ಕೊಟ್ಟ ಮಾತು ಹೇಗೆ ನಿಲ್ಲುತ್ತದೆ ಎಂಬುದೇ ಆ ಪ್ರಶ್ನೆ. ಹೆಸರಿನಲ್ಲಿ ‘ಅನಾಗರಿಕ’ ಎಂಬರ್ಥದ ಶಬ್ದವೊಂದು ಸೇರಿಕೊಂಡಿದೆ. ಆ ಶಬ್ದದಲ್ಲಡಗಿದ ತಾತ್ಸಾರವನ್ನು ಗ್ರಂಥದ ಒಳಗಿನ ವಿಷಯವೇ ಖಂಡಿಸುವುದೆಂಬುದು ಗಮನಿಸತಕ್ಕ ಸಂಗತಿ.

ಗ್ರಂಥಕರ್ತನ ಕಾಲಕ್ಕೆ ಪ್ರಚಲಿತವಾಗಿದ್ದ ಅಭಿಪ್ರಾಯವಿದು: ಆದಿವಾಸಿಯು ರೂಢಿಯ ದಾಸನು, ಯೋಚಿಸದೆ, ತನ್ನ ಹಿತವನ್ನೆಣಿಸದೆ, ಯಂತ್ರದಂತೆ ಕಟ್ಟಳೆಯನ್ನು ಪಾಲಿಸುವನು. ಹಾರ್ಟ್‌ಲಂಡನ ‘ಪ್ರಿಮಿಟಿವ್ ಲಾ’ (1924) ಮೊದಲಾದ ಕೃತಿಗಳಲ್ಲಿ ಈ ಮತವೇ ಪ್ರತಿಪಾದಿತವಾಗಿದೆ. ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ 1915ರಿಂದ 1918ರ ನಡುವೆ ಎರಡು ಬಾರಿ ನೆಲಸಿ, ಅಲ್ಲಿಯ ಭಾಷೆಯನ್ನು ಕಲಿತು ಬಂದ ಮಾಲಿನೋವ್‌ಸ್ಕಿಯು ಇದನ್ನು ನೇರವಾಗಿ ಎದುರಿಸಿದನು. ಅಲ್ಲಿಯ ಮನುಷ್ಯನು ಲೆಕ್ಕವರಿತವನು. ಸಾಧ್ಯವಾದಲ್ಲಿ ಹೊಣೆಯನ್ನು ತಪ್ಪಿಸಿಕೊಳ್ಳಲೂ ನೋಡುವನು. ಆದರೂ ಬಹುಮಟ್ಟಿಗೆ ಹೊಣೆಯನ್ನು ತೀರಿಸುವನು. ಇದಕ್ಕೆ ಕಾರಣವನ್ನು ಹುಡುಕಬೇಕಾದುದು ಭಯದಲ್ಲಾಗಲಿ ಮೂಢಭಕ್ತಿಯಲ್ಲಾಗಲಿ ಅಲ್ಲ, ಪರಸ್ಪರತೆಯಲ್ಲಿ ಎಂಬುದು ಅವನ ಸಿದ್ಧಾಂತ.

ಈ ಪರಸ್ಪರತೆಗೆ ಕನ್ನಡದಲ್ಲಿ ‘ಮುಯ್ಯಿ’ ಎಂಬ ಶಬ್ದವು ಒದಗುವುದು. ಮದುವೆಯಲ್ಲಿ ಓದಿಸುವ ಮುಯ್ಯಿ, ಹೊಲಗೆಲಸದ ಮುಯ್ಯಾಳು, ಹಗೆಯನ್ನು ತೀರಿಸುವ ಮುಯ್ಯಿ ಇವೆಲ್ಲವೂ ಒಂದೇ ಬೇರಿನವು. ಕೊಟ್ಟದ್ದು ಹಿಂದಿರುಗಬೇಕು, ಹಿಂದಿರುಗದಿದ್ದರೆ ಅದರ ಫಲವೂ ಹಿಂದಿರುಗುವುದು. ಗ್ರಂಥಕರ್ತನು ಅನೇಕ ಪುಟಗಳಲ್ಲಿ ವಿವರಿಸಿರುವ ತತ್ತ್ವವನ್ನು ಈ ಶಬ್ದವು ತನ್ನ ಎರಡು ಅರ್ಥಗಳಲ್ಲಿ ಅಡಗಿಸಿಕೊಂಡಿದೆ.

ಗ್ರಂಥದ ಮುಖ್ಯ ನಿದರ್ಶನವು ‘ವಾಸಿ’ ಎಂಬ ವಿನಿಮಯ. ದ್ವೀಪದ ಒಳನಾಡಿನವರು ಗೆಣಸು ಬೆಳೆಯುವರು. ಕಡಲ ಕರೆಯವರು ಮೀನು ಹಿಡಿಯುವರು. ಪ್ರತಿಯೊಬ್ಬ ಬೆಳೆಗಾರನಿಗೂ ಕರೆಯ ಹಳ್ಳಿಯಲ್ಲಿ ಒಬ್ಬ ಸ್ಥಿರವಾದ ಜೊತೆಗಾರನಿರುವನು. ಸುಗ್ಗಿಯಲ್ಲಿ ಗೆಣಸು ಅವನ ಮನೆಯ ಮುಂದೆ ಬಂದು ಬೀಳುವುದು. ತರುವಾಯ ಅವನು ಮೀನನ್ನು ಕೊಡಲೇಬೇಕು. ಬೇಡವೆನ್ನುವಂತಿಲ್ಲ, ಜಿಪುಣತನ ತೋರುವಂತಿಲ್ಲ, ತಡಮಾಡುವಂತಿಲ್ಲ. ವ್ಯವಹಾರವೆಲ್ಲ ನಾಲ್ವರ ಕಣ್ಣೆದುರಿಗೆ ಶಾಸ್ತ್ರೋಕ್ತವಾಗಿ ನಡೆಯುವುದರಿಂದ ತಪ್ಪಿದವನ ತಪ್ಪು ಬಚ್ಚಿಟ್ಟುಕೊಳ್ಳಲಾಗದ್ದು. ‘ಗಿಮ್‌ವಲಿ’ ಎಂಬ ಚೌಕಾಶಿಯ ವ್ಯಾಪಾರ ಬೇರೆ. ‘ಕುಲಾ’ ಎಂಬ ಶಂಖದ ಬಳೆ ಮತ್ತು ಚಿಪ್ಪಿನ ಹಾರಗಳ ಗೌರವ ವಿನಿಮಯ ಬೇರೆ. ಕುಲಾದಲ್ಲಿ ಅಗ್ಗವಾಗಿ ನಡೆದುಕೊಂಡವನನ್ನು, ಗಿಮ್‌ವಲಿಯಂತೆ ಕುಲಾ ಮಾಡಿದನೆಂದು ಜರೆಯುವರು. ವ್ಯವಹಾರಭೇದಗಳನ್ನು ಇಷ್ಟು ಸೂಕ್ಷ್ಮವಾಗಿ ಹೆಸರಿಟ್ಟು ವಿಂಗಡಿಸಿದ ಜನರಿಗೆ ನ್ಯಾಯಬುದ್ಧಿ ಇಲ್ಲವೆನ್ನುವುದು ಸಾಹಸವೇ ಸರಿ.

ಈ ಕಟ್ಟಳೆಯ ಬಲಕ್ಕೆ ಗ್ರಂಥಕರ್ತನ ಬೇರೆಡೆಯ ಬರಹಗಳಲ್ಲಿ ಬಲವಾದ ಸಾಕ್ಷ್ಯವಿದೆ. ಐರೋಪ್ಯ ವ್ಯಾಪಾರಿಗಳು ಮುತ್ತಿಗಾಗಿ ಕರೆಯ ಜನರನ್ನು ಮುಳುಗುಗೆಲಸಕ್ಕೆ ಕರೆದರು. ಮೀನಿಗಿಂತ ಮುತ್ತಿನ ಪ್ರತಿಫಲ ಎಷ್ಟೋ ಹೆಚ್ಚು. ಆದರೂ ಒಳನಾಡಿನ ಜೊತೆಗಾರನಿಗೆ ಮೀನು ಸಲ್ಲಬೇಕಾದ ಕಾಲ ಬಂದಾಗ ಅವರು ಮುತ್ತನ್ನು ಬಿಟ್ಟು ಬಲೆಯನ್ನು ಹಿಡಿಯುತ್ತಿದ್ದರು. ವ್ಯಾಪಾರಿಯ ದೃಷ್ಟಿಗೆ ಇದು ಸೋಮಾರಿತನ. ವಸ್ತುತಃ ಇದು ಹಿಂದಿನ ಕರಾರಿನ ನಿಷ್ಠೆ. ಹೊಸ ಒಡಂಬಡಿಕೆಯನ್ನು ತಂದವನು ಹಳೆಯ ಒಡಂಬಡಿಕೆಯೊಂದು ಅಲ್ಲಿ ಆಗಲೇ ಇದೆಯೆಂಬುದನ್ನು ಕಾಣಲಿಲ್ಲ.

ಗ್ರಂಥದ ಗುಣ ಇಷ್ಟು. ದೋಷಗಳು ಮುಖ್ಯವಾಗಿ ಎರಡು. ಮೊದಲನೆಯದು ಲಕ್ಷಣದ ಅತಿವ್ಯಾಪ್ತಿ. ಪರಸ್ಪರತೆಯಿಂದ ಬಂಧಿಸುವುದೆಲ್ಲ ನ್ಯಾಯವೆಂದರೆ ಸ್ನೇಹ, ಸೌಜನ್ಯ, ಬಂಧುಪ್ರೇಮ ಇವೂ ನ್ಯಾಯವೇ ಆಗಿಬಿಡುವುವು. ಎಲ್ಲವೂ ನ್ಯಾಯವಾದಲ್ಲಿ ನ್ಯಾಯವೆಂಬ ಶಬ್ದಕ್ಕೆ ಕೆಲಸವುಳಿಯದು. ರ್‍ಯಾಡ್‌ಕ್ಲಿಫ್-ಬ್ರೌನನು ವ್ಯವಸ್ಥಿತವಾದ ದಂಡನೆ ಇದ್ದಲ್ಲಿ ಮಾತ್ರ ನ್ಯಾಯವೆಂದು ಹೇಳಿದುದು ಇದಕ್ಕೆ ವಿರುದ್ಧವಾದ ಇನ್ನೊಂದು ಅತಿ. ನಮ್ಮ ಧರ್ಮಶಾಸ್ತ್ರಕಾರರು ಹಿಡಿದ ಮಾರ್ಗವು ಇವೆರಡರ ನಡುವಿನದು. ಮನುವಿನ ‘ಸಂವಿದ್‌ವ್ಯತಿಕ್ರಮ’, ನಾರದನ ‘ಸಮಯಸ್ಯಾನಪಾಕರ್ಮ’ ಎಂಬ ವ್ಯವಹಾರಪದಗಳಲ್ಲಿ ಸಮುದಾಯಗಳು ತಮ್ಮೊಳಗೆ ಮಾಡಿಕೊಂಡ ಕಟ್ಟಳೆಯು ಸಮುದಾಯದ್ದಾಗಿಯೇ ಉಳಿಯುವುದು. ಅದನ್ನು ಮೀರಿದವನ ವಿಚಾರಣೆ ಮಾತ್ರ ರಾಜನದು.

ಎರಡನೆಯ ದೋಷವು ಪ್ರಮಾಣದ ಕೊರತೆ. ಗ್ರಂಥದ ಉತ್ತರಭಾಗದಲ್ಲಿ ಕಿಮಾಯಿ ಎಂಬ ತರುಣನ ಪ್ರಸಂಗವಿದೆ. ನಿಷಿದ್ಧ ಸಂಬಂಧಕ್ಕಾಗಿ ಬಹಿರಂಗವಾಗಿ ನಿಂದಿತನಾದ ಅವನು ತೆಂಗಿನ ಮರದಿಂದ ಹಾರಿ ಪ್ರಾಣ ಬಿಟ್ಟನು. ಸಂಬಂಧವು ಗುಟ್ಟಾಗಿದ್ದಷ್ಟು ಕಾಲ ಊರು ಸುಮ್ಮನಿತ್ತು. ಬಯಲಾದೊಡನೆ ಕಟ್ಟಳೆ ಎಚ್ಚತ್ತಿತು. ಈ ಒಂದು ಪ್ರಸಂಗದಿಂದ ನಿಯಮಕ್ಕೂ ನಡತೆಗೂ ಇರುವ ಅಂತರವು ಕಣ್ಣಿಗೆ ಕಟ್ಟುವುದು. ವ್ಯವಹಾರವನ್ನು ಕುರಿತ ಪೂರ್ವಭಾಗದಲ್ಲಾದರೋ ಸಾಮಾನ್ಯ ವರ್ಣನೆಯೇ ಹೆಚ್ಚು. ಮೀನು ಕಡಮೆಯಾದ ದಿನ ಯಾರು ಯಾರನ್ನು ಏನೆಂದರು, ಜಗಳ ಹೇಗೆ ತೀರಿತು ಎಂಬುದಕ್ಕೆ ಅಂಥದೇ ಒಂದು ಪ್ರಸಂಗ ಬೇಕಾಗಿತ್ತು. ಲೆವೆಲಿನ್ ಮತ್ತು ಹೋಬೆಲ್ ಇವರು ‘ದಿ ಷಯೆನ್ ವೇ’ (1941) ಎಂಬ ಗ್ರಂಥದಲ್ಲಿ ವಿವಾದಪ್ರಸಂಗಗಳನ್ನೇ ಆಧಾರವಾಗಿಟ್ಟುಕೊಂಡು ಈ ಕೊರತೆಯನ್ನು ತುಂಬಿದರು.

ಇದು ಪಂಡಿತರ ಶಬ್ದವಾದವಷ್ಟೇ ಅಲ್ಲವೆಂಬುದಕ್ಕೆ ನೆರೆಯ ಕೇರಳದ ಕಾಣಿ ಜನರ ವೃತ್ತಾಂತವೇ ಸಾಕು. ಅಗಸ್ತ್ಯಮಲೆಯಲ್ಲಿ 1987ರಲ್ಲಿ ಸಂಚರಿಸಿದ ವಿಜ್ಞಾನಿಗಳಿಗೆ ಕಾಣಿ ದಾರಿಗಾರರು ಆಯಾಸವನ್ನು ನೀಗುವ ‘ಆರೋಗ್ಯಪಚ್ಚೆ’ಯನ್ನು ತೋರಿಸಿದರು. ಅದರಿಂದ ‘ಜೀವನಿ’ ಎಂಬ ಔಷಧವು ಸಿದ್ಧವಾಯಿತು. ತಿರುವನಂತಪುರದ ಬಳಿಯ ಸಸ್ಯೋದ್ಯಾನ ಸಂಶೋಧನ ಸಂಸ್ಥೆಯು ಅದನ್ನು ತಯಾರಿಸುವ ಹಕ್ಕನ್ನು 1995ರಲ್ಲಿ 10 ಲಕ್ಷ ರೂಪಾಯಿಗೂ ನೂರಕ್ಕೆ 2ರಂತೆ ರಾಜಧನಕ್ಕೂ ಒಂದು ಔಷಧಾಲಯಕ್ಕೆ ಕೊಟ್ಟು, ಬಂದುದರಲ್ಲಿ ಅರ್ಧವನ್ನು ಕಾಣಿಗಳಿಗೆ ಮೀಸಲಿಟ್ಟಿತು. ಉದ್ದೇಶವು ಶ್ಲಾಘ್ಯ. ಆದರೆ ಹಣವನ್ನು ಸ್ವೀಕರಿಸತಕ್ಕ ಕಾಣಿಗಳ ಧರ್ಮದರ್ಶಿ ಮಂಡಲಿಯು ನೋಂದಣಿಯಾದುದು 1997ರಲ್ಲಿ. ಕರಾರಿಗಿಂತ ಕರಾರಿನ ಫಲಭೋಗಿಯೇ ಎರಡು ವರ್ಷ ಕಿರಿಯನಾದಂತಾಯಿತು. ಕಾಣಿಗಳಲ್ಲಿ ಮದ್ದಿನ ಅರಿವು ‘ಪ್ಲಾತಿ’ಗಳೆಂಬ ವೈದ್ಯರ ಪಾಲಿನದು. ಅದನ್ನು ಹೊರಗಿನವರಿಗೆ ತಿಳಿಸಲು ದಾರಿ ತೋರಿದವರಿಗೆ ಅಧಿಕಾರವೆಲ್ಲಿಯದೆಂಬ ಆಕ್ಷೇಪವು ಆ ಜನರೊಳಗೇ ಹುಟ್ಟಿತು. ಹಂಚಿಕೆಯ ಪ್ರಮಾಣವು ಗೊತ್ತಾಗಿತ್ತು. ಜೊತೆಗಾರನು ಯಾರೆಂಬುದು ಗೊತ್ತಾಗಿರಲಿಲ್ಲ.

2010ರ ನಗೋಯಾ ಒಪ್ಪಂದದ 12ನೆಯ ವಿಧಿಯು ಇಂಥ ಅರಿವಿನ ವಿಷಯದಲ್ಲಿ ಆದಿವಾಸಿಗಳ ರೂಢಿಗತ ಕಟ್ಟಳೆಯನ್ನು ಗಮನಕ್ಕೆ ತಂದುಕೊಳ್ಳಬೇಕೆಂದು ವಿಧಿಸುವುದು, ಆದರೆ ಆಯಾ ದೇಶದ ಕಾನೂನಿಗೆ ಅನುಸಾರವಾಗಿ. ಗಮನಿಸುವುದೆಂದರೇನು? ಪಾಲು ಎಷ್ಟೆಂದು ಕೇಳುವುದಕ್ಕೆ ಮೊದಲು, ಯಾರು ಯಾರಿಗೆ, ಯಾರ ಸಮಕ್ಷಮದಲ್ಲಿ ಹೊಣೆಯೆಂದು ಕೇಳುವುದು. ಈ ಕ್ರಮವನ್ನು ಮೊದಲು ತೋರಿಸಿಕೊಟ್ಟ ಗ್ರಂಥಗಳಲ್ಲಿ ಮಾಲಿನೋವ್‌ಸ್ಕಿಯದೂ ಒಂದು. ಅದರ ಲಕ್ಷಣವು ಸಡಿಲವಾದರೂ ಪ್ರಶ್ನೆಯು ಸಡಿಲವಲ್ಲ. ಮುಯ್ಯಿಯ ಲೆಕ್ಕವನ್ನು ಅರಿಯದೆ ಬರೆದ ಕರಾರು, ಬರಹದಲ್ಲಿ ಎಷ್ಟೇ ಉದಾರವಾಗಿದ್ದರೂ, ಒಂದೇ ಪಕ್ಷದ ಮಾತಾಗಿ ಉಳಿಯುವುದು.