ಸಸಿ ಎಣಿಸಿದರೆ ಮಣ್ಣಿನ ಲೆಕ್ಕ ಮುಗಿಯಿತೇ?

ಗಿಡ ನೆಟ್ಟಷ್ಟೂ ಮಣ್ಣಿನಲ್ಲಿ ಇಂಗಾಲ ಹೆಚ್ಚುತ್ತದೆ. ಎಲೆ ಕೊಳೆತು ಹ್ಯೂಮಸ್ ಆಗಿ ಉಳಿದುಬಿಡುತ್ತದೆ. ಮಣ್ಣು ಕಪ್ಪಾದಷ್ಟೂ ಇಂಗಾಲ ಅಧಿಕ. ಪರಿಸರ ಪಾಠಗಳಲ್ಲಿ ಪದೇ ಪದೇ ಕೇಳಿಬರುವ ಈ ಮೂರೂ ಮಾತುಗಳು ಅರ್ಧಸತ್ಯಗಳು. ಕಾರವಾರ, ಅಂಕೋಲಾಗಳ ಮಣ್ಣನ್ನು ಮುಂದಿಟ್ಟುಕೊಂಡು ಅವನ್ನು ಪರೀಕ್ಷಿಸೋಣ.

ಒಳಹರಿವು, ಹೊರಹರಿವು ಸಮವಾಗಿರುವ ತೊಟ್ಟಿಯಲ್ಲಿ ನಿಲ್ಲುವ ನೀರು, ಒಳಹರಿವಿನ ದರ ಮತ್ತು ನೀರು ಒಳಗೆ ಉಳಿಯುವ ಸರಾಸರಿ ಕಾಲ ಇವುಗಳ ಗುಣಲಬ್ಧ. ಮಣ್ಣಿನ ಇಂಗಾಲಕ್ಕೂ ಇದೇ ನಿಯಮ. ಉದಾಹರಣೆಗೆ, ವರ್ಷಕ್ಕೆ 10 ಪಾಲು ಇಂಗಾಲ ತರಗೆಲೆಯಾಗಿ ಬೀಳುತ್ತದೆ ಎನ್ನಿ. ಅದರಲ್ಲಿ 9.5 ಪಾಲು 2 ವರ್ಷ ಉಳಿದರೆ ಸಂಗ್ರಹ 19 ಪಾಲು. ಮಿಕ್ಕ 0.5 ಪಾಲು 200 ವರ್ಷ ಉಳಿದರೆ ಸಂಗ್ರಹ 100 ಪಾಲು! ಆದ್ದರಿಂದ ಎಷ್ಟು ಎಲೆ ಬಿತ್ತು ಎಂಬುದಕ್ಕಿಂತ, ಉಳಿದದ್ದು ಏಕೆ ಉಳಿಯಿತು ಎಂಬುದು ಮುಖ್ಯ.

ಇದಕ್ಕೆ ಉತ್ತರ ಜ್ವಾಲಾಮುಖಿ ಮಣ್ಣುಗಳಲ್ಲಿದೆ. ಬೂದಿ ಶಿಥಿಲವಾದಾಗ ಅಲೋಫೇನ್ ಎಂಬ, ಕೆಲವೇ ನ್ಯಾನೊಮೀಟರ್ ಗಾತ್ರದ ಟೊಳ್ಳು ಕಣಗಳು ಉಂಟಾಗುತ್ತವೆ. ಅವುಗಳ ವಿಶಾಲ ಮೇಲ್ಮೈಗೆ ಅಂಟಿದ ಸಾವಯವ ಅಣುಗಳು ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ದಕ್ಕವು. ಹವಾಯಿ ದ್ವೀಪಗಳಲ್ಲಿ 300 ವರ್ಷಗಳಿಂದ 41 ಲಕ್ಷ ವರ್ಷಗಳವರೆಗಿನ ಮಣ್ಣುಗಳನ್ನು ಹೋಲಿಸಿ 1997ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಂಗಾಲ ಸುಮಾರು 1.5 ಲಕ್ಷ ವರ್ಷಗಳ ಮಣ್ಣಿನಲ್ಲಿ ಗರಿಷ್ಠ. ಅನಂತರ ಅರ್ಧಕ್ಕೆ ಇಳಿಯುತ್ತದೆ. ಅಲೋಫೇನಿನಂತಹ ಅಸ್ಥಿರ ಖನಿಜಗಳು ಕ್ರಮೇಣ ಸ್ಫಟಿಕರೂಪಕ್ಕೆ ತಿರುಗುವುದೇ ಇದಕ್ಕೆ ಕಾರಣ.

ಹಾಗೆಂದು "ದಖ್ಖನ್ ಬಸಾಲ್ಟ್ ಕೂಡ ಲಾವಾ ತಾನೇ?" ಎಂದು ಅವಸರಪಡಬೇಡಿ. ಆ ಶಿಲೆಗೆ ಸುಮಾರು 6.6 ಕೋಟಿ ವರ್ಷ. ಅದರ ಮೇಲಿನ ಎರೆಮಣ್ಣು ಕಪ್ಪಾಗಿದ್ದರೂ ಅದರಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇಕಡ 1ಕ್ಕಿಂತ ಕಡಿಮೆ. ಕಾರವಾರ, ಅಂಕೋಲಾಗಳ ಜಂಬಿಟ್ಟಿಗೆ ಗುಡ್ಡಗಳಲ್ಲಾದರೋ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಸಾಕಷ್ಟಿವೆ. ಅವೂ ಇಂಗಾಲವನ್ನು ಹಿಡಿದಿಡುತ್ತವೆ, ಆದರೆ ಕಬ್ಬಿಣದ ಕೆಂಪು ಆ ಇಂಗಾಲದ ಕಪ್ಪನ್ನು ಮರೆಮಾಡುತ್ತದೆ. ಬಣ್ಣ ಅಳತೆಗೋಲಲ್ಲ.

ಶಿಕ್ಷಕರು ಇನ್ನೊಂದು ಅಂಶವನ್ನೂ ಗಮನಿಸಬೇಕು. ಮಣ್ಣನ್ನು ಸುಟ್ಟು, ಕಡಿಮೆಯಾದ ತೂಕವೆಲ್ಲ ಸಾವಯವ ವಸ್ತುವೆಂದು ತೋರಿಸುವ ಪ್ರಯೋಗ ಜಂಬಿಟ್ಟಿಗೆಯಲ್ಲಿ ದಾರಿ ತಪ್ಪಿಸುತ್ತದೆ. ಗಿಬ್ಸೈಟ್, ಗೋಥೈಟ್, ಕೆಯೊಲಿನೈಟ್ ಖನಿಜಗಳು ಕಾಯಿಸಿದಾಗ ತಮ್ಮ ರಚನೆಯೊಳಗಿನ ನೀರನ್ನು ಬಿಟ್ಟುಕೊಡುತ್ತವೆ. ಆ ನಷ್ಟವೂ ಇಂಗಾಲದ ಖಾತೆಗೆ ಸೇರುತ್ತದೆ. ಡೈಕ್ರೊಮೇಟ್ ಬಳಸುವ ವಾಕ್ಲೆ-ಬ್ಲ್ಯಾಕ್ ವಿಧಾನದಲ್ಲಿ ಈ ದೋಷವಿಲ್ಲ.

ಕಾಳಿ ನದಿಯ ಅಳಿವೆಯ ಕಾಂಡ್ಲಾ ಕಾಡಿನ ಕೆಸರಿನ ಕಥೆಯೇ ಬೇರೆ. ಅಲ್ಲಿ ನೀರು ನಿಂತು ಆಮ್ಲಜನಕ ಒಳಗಿಳಿಯದು. ಆದ್ದರಿಂದ ಕೊಳೆಯುವಿಕೆ ನಿಧಾನ. ಕೆಸರನ್ನು ಅಗೆದು ಒಣಗಿಸಿದರೆ ಗಾಳಿ ನುಗ್ಗಿ, ದೀರ್ಘಕಾಲದ ಸಂಗ್ರಹ ಕೆಲವೇ ವರ್ಷಗಳಲ್ಲಿ ಕರಗತೊಡಗುತ್ತದೆ. ಇದಕ್ಕೆ ಬದಲಾಗಿ ಗುಡ್ಡದ ಮೇಲೆ ಅಷ್ಟೇ ಸಸಿ ನೆಟ್ಟರೆ ಎಣಿಕೆ ಸರಿಹೋಗಬಹುದು, ಇಂಗಾಲದ ಲೆಕ್ಕ ಸರಿಹೋಗದು. ಸಸಿಯ ಬೇರಿನ ಸುತ್ತ ಹೊಸ ಸಂಗ್ರಹ ಬೆಳೆಯಲು ಹಳೆಯದು ಬೆಳೆದಷ್ಟೇ ಕಾಲ ಬೇಕಾದೀತು.

ಮುಂದಿನ ಬಾರಿ ವನಮಹೋತ್ಸವದಲ್ಲಿ "ಎಷ್ಟು ಸಸಿ?" ಎಂದು ಕೇಳುವ ವಿದ್ಯಾರ್ಥಿಗೆ "ಎಂಥ ಮಣ್ಣು? ಅದರಲ್ಲಿ ಇಂಗಾಲ ಎಷ್ಟು ಕಾಲ ಉಳಿಯುತ್ತದೆ?" ಎಂದು ಕೇಳುವುದನ್ನೂ ಕಲಿಸಿ.