ಮೊದಲ ದಿನವೇ ಸೋತ ಮೇಷ್ಟ್ರು

ಶಿಕ್ಷಣದ ಬಗ್ಗೆ ಬರೆದ ಪುಸ್ತಕಗಳಲ್ಲಿ ಮೇಷ್ಟ್ರು ಸೋಲುವುದು ಅಪರೂಪ. ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಸೋಲಿನಿಂದಲೇ ಶುರುವಾಗುತ್ತದೆ. ಇದರ ಹಿಂದಿ ಅನುವಾದವನ್ನು ಈಚೆಗೆ ಮತ್ತೊಮ್ಮೆ ಓದಿದೆವು. ಕಥೆ ಬರೆಯುವವರಾದ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಆರಂಭವೇ.

ಲಕ್ಷ್ಮೀರಾಮ ಎಂಬಾತ ಶಿಕ್ಷಣಾಧಿಕಾರಿಯ ಒಪ್ಪಿಗೆ ಪಡೆದು ಒಂದು ವರ್ಷ ನಾಲ್ಕನೇ ತರಗತಿಗೆ ಕಲಿಸಲು ಬರುತ್ತಾನೆ. ಏನೇನು ಮಾಡಬೇಕೆಂದು ಮನೆಯಲ್ಲೇ ಕೂತು ಬರೆದುಕೊಂಡಿದ್ದಾನೆ. ಮೊದಲು ಮೌನದ ಆಟ. ಮಕ್ಕಳು ಗದ್ದಲವೆಬ್ಬಿಸಿ ಅದನ್ನು ಚಿಂದಿ ಮಾಡುತ್ತಾರೆ. ಆತ ಮಕ್ಕಳನ್ನು ದೂರುವುದಿಲ್ಲ, ತನ್ನ ಟಿಪ್ಪಣಿಯನ್ನೇ ಅನುಮಾನಿಸುತ್ತಾನೆ. ಮರುದಿನ ಬರಿಗೈಯಲ್ಲಿ ಬಂದು ಕಥೆ ಹೇಳುತ್ತಾನೆ. ಅದೇ ಮಕ್ಕಳು ಕದಲದೆ ಕೂರುತ್ತಾರೆ.

ಗಿಜುಭಾಯಿ ಮೊದಲು ವಕೀಲರು. ಮಾಂಟೆಸ್ಸರಿಯ ವಿಚಾರಗಳಿಂದ ಪ್ರಭಾವಿತರಾಗಿ ವಕಾಲತ್ತು ಬಿಟ್ಟವರು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದವರು. ಎಳೆಯ ಮಕ್ಕಳ ನಡುವೆ ಬದುಕಿದವರಾದ್ದರಿಂದಲೇ ಅವರಿಗೆ ಆ ಮೊದಲ ದಿನ ಬರೆಯಲು ಸಾಧ್ಯವಾಯಿತು. ವೃತ್ತಿಧರ್ಮವೆಂದರೆ ಗೋಡೆಗೆ ತೂಗುಹಾಕುವ ನಿಯಮಗಳ ಪಟ್ಟಿ ಎಂದು ನಾವು ತಿಳಿದಿದ್ದೇವೆ. ಈ ಪುಸ್ತಕ ಹೇಳುವುದು ಬೇರೆ: ತಪ್ಪು ಯಾರದೆಂದು ಕೇಳಿಕೊಂಡಾಗ ಬೆರಳು ಮೊದಲು ತನ್ನ ಕಡೆ ತಿರುಗಬೇಕು. ಶಿಕ್ಷಕನ ಬೆಳವಣಿಗೆ ಶುರುವಾಗುವುದು ಅಲ್ಲಿಂದ.

ಓದುತ್ತಿದ್ದಂತೆ ನಮ್ಮದೇ ಮೊದಲ ದಿನಗಳು ನೆನಪಾದವು. ಮನೆಯಲ್ಲಿ ದಖನಿ, ಶಿಶುವಿಹಾರದಲ್ಲಿ ಕನ್ನಡ. ಬಾಯಾರಿ ‘ಪಾನಿ’ ಎಂದೆವು. ಕನ್ನಡದಲ್ಲಿ ಕೇಳಿದರೆ ಮಾತ್ರ ಕೊಡುತ್ತೇನೆಂದರು ಟೀಚರ್. ಆ ಪದ ನಮಗೆ ಗೊತ್ತಿರಲಿಲ್ಲ. ಮಧ್ಯಾಹ್ನದವರೆಗೆ ಕೊಡವನ್ನೇ ನೋಡುತ್ತ ಕೂತಿದ್ದೆವು. ಅವರು ಕೆಟ್ಟವರಲ್ಲ, ಕನ್ನಡ ಕಲಿಸುತ್ತಿದ್ದೇನೆಂದೇ ನಂಬಿದ್ದರು. ಕೆಲವು ದಿನಗಳ ನಂತರ ಅವರೇ ಮನೆಗೆ ಬಂದು ಅಮ್ಮನ ಹತ್ತಿರ ಪಾನಿ, ಭೂಕ್, ನೀಂದ್ ಎಂಬ ಮೂರು ಪದ ಕೇಳಿ ಬರೆದುಕೊಂಡರು. ‘ನೀರು’ ಎಂಬ ಪದವನ್ನು ನಾವು ಕಲಿತದ್ದು ಆಮೇಲೆ, ಅದೂ ಅವರಿಂದಲೇ.

ಆದರೆ ‘ದಿವಾಸ್ವಪ್ನ’ದ ಬಗ್ಗೆ ನಮ್ಮದೊಂದು ತಕರಾರಿದೆ. ಲಕ್ಷ್ಮೀರಾಮನ ಬೆನ್ನಿಗೆ ಅಧಿಕಾರಿಯಿದ್ದಾನೆ. ವರ್ಷ ಮುಗಿದರೆ ಪ್ರಯೋಗವೂ ಮುಗಿಯಿತು. ಇಪ್ಪತ್ತು ವರ್ಷ ಅದೇ ಕೋಣೆಯಲ್ಲಿ, ಅದೇ ಅರೆಸಂಬಳದಲ್ಲಿ ದುಡಿಯುವವಳ ದಣಿವು ಅವನಿಗೆ ತಿಳಿಯದು. ಆ ಕೊರತೆಯನ್ನು ತುಂಬಿದ್ದು ಪುಸ್ತಕವಲ್ಲ, ಗಿಜುಭಾಯಿಯವರ ಜೊತೆ ದುಡಿದ ತಾರಾಬಾಯಿ ಮೋಡಕ್ ಅವರ ಬದುಕು. 1945ರಲ್ಲಿ ಅವರು ಬೋರ್ಡಿ ಎಂಬ ಹಳ್ಳಿಗೆ ಹೋದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಅಂಗಳಕ್ಕೆ ನಡೆಯಿತು. ಇಂದು ನಾವು ಅಂಗನವಾಡಿ ಎನ್ನುವ ಮಾತಿನ ಹಿಂದೆ ಆ ಅಂಗಳವಿದೆ.

1975ರ ಅಕ್ಟೋಬರ್ 2ರಂದು ಸರ್ಕಾರ ಅದನ್ನು ಯೋಜನೆಯಾಗಿಸಿತು. ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಮಾತ್ರ ಸಂಬಳವಲ್ಲ, ಗೌರವಧನ. ಅವಳಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಅಡುಗೆ, ತೂಕ, ಸಮೀಕ್ಷೆ, ರಿಜಿಸ್ಟರುಗಳ ನಡುವೆ ಮಗುವಿನ ಮುಖ ನೋಡಲು ಅವಳಿಗೆ ಬಿಡುವೆಲ್ಲಿ? ಅವಳಿಂದ ನೀತಿಯನ್ನು ಬಯಸುವ ಸಮಾಜಕ್ಕೂ ನೀತಿ ಬೇಕಲ್ಲವೇ?

ಹಾಗೆಂದು ಕೈತೊಳೆದುಕೊಳ್ಳುವಂತಿಲ್ಲ. ಶಾಲೆಯಲ್ಲಿ ಹೊಡೆತವನ್ನು ನಿಷೇಧಿಸಿದ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮಗುವೆಂದರೆ 6ರಿಂದ 14 ವರ್ಷದವರು. ಮೂರು ವರ್ಷದ ಮಗು ಆ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಕಾನೂನುಗಳಿವೆ, ನಿಜ. ಆದರೆ ನಡೆದದ್ದನ್ನು ಮನೆಯಲ್ಲಿ ಹೇಳಲೂ ಬಾರದ ಮಗುವಿನ ಮುಂದೆ ಬಾಗಿಲು ಮುಚ್ಚಿದ ಮೇಲೆ ಉಳಿಯುವ ಸಾಕ್ಷಿ ಟೀಚರಿನ ಮನಸ್ಸೊಂದೇ.

ಅಂಥ ಮನಸ್ಸು ಒಮ್ಮೆಗೇ ಆಗುವುದಿಲ್ಲ. ಸೋತ ಸಂಜೆ ಟಿಪ್ಪಣಿ ಹರಿದುಹಾಕಿ, ಮರುದಿನ ಮತ್ತೆ ಬರುವುದರಿಂದ ಆಗುತ್ತದೆ. ‘ದಿವಾಸ್ವಪ್ನ’ವನ್ನು ಶಿಕ್ಷಕರು ಓದಲಿ ಎನ್ನುವುದು ಸುಲಭ. ತಂದೆತಾಯಿಯರೂ ಅಧಿಕಾರಿಗಳೂ ಓದಲಿ ಎಂಬುದು ನಮ್ಮ ಆಸೆ. ನಮ್ಮ ಆ ಟೀಚರ್ ಈಗಿಲ್ಲ. ಅವರು ಬರೆದುಕೊಂಡ ಮೂರು ಪದಗಳು ಯಾವ ರಿಜಿಸ್ಟರಿನಲ್ಲೂ ಇಲ್ಲ.