ಜನಾರ್ದನ ಮೇಷ್ಟ್ರು ನೋಡಿದ ಸರಳಾ

ಹೈಸ್ಕೂಲು, ಪಿಯುಸಿ ಮಕ್ಕಳಿಗೆ ‘ನೀನು ಹೇಗಿದ್ದೀಯೋ ಹಾಗೇ ಚೆಂದ’ ಅಂತ ಹೇಳೋ ಭಾಷಣಗಳು ಈಗ ಬೇಕಾದಷ್ಟಿವೆ. ಅದರ ಬದಲು ಒಂದು ಸಿನಿಮಾ ತೋರಿಸೋಣ ಅಂದರೆ ನಾನು ‘ಒಂದು ಮೊಟ್ಟೆಯ ಕಥೆ’ಯನ್ನೇ ಆರಿಸ್ತೀನಿ. 2017ರಲ್ಲಿ ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ತಾವೇ ನಟಿಸಿದ ಚಿತ್ರ. ಮಂಗಳೂರಿನ ಕನ್ನಡ ಮೇಷ್ಟ್ರು ಜನಾರ್ದನನಿಗೆ 28ಕ್ಕೇ ತಲೆ ಬೋಳು, ಮದುವೆಗೆ ಹೆಣ್ಣು ಸಿಗ್ತಿಲ್ಲ.

ಎಲ್ಲರೂ ಹೊಗಳೋದು ಆ ಬೋಳುತಲೆಯ ನೋವನ್ನ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಕ್ಲಾಸಿನಲ್ಲಿ ನಗೆಪಾಟಲಾಗುವ ಇದೇ ಜನಾರ್ದನ, ದಪ್ಪಗಿರುವ ಸರಳಾ ಎದುರಿಗೆ ಬಂದಾಗ ಹಿಂದೇಟು ಹಾಕ್ತಾನೆ. ಊರವರು ತನ್ನನ್ನು ಅಳೆದ ಕೋಲಿಂದಲೇ ಅವಳನ್ನ ಅಳೀತಾನೆ. ಹದಿಹರೆಯದಲ್ಲಿ ನಡೆಯೋದೂ ಇದೇ ಅಲ್ವಾ? ನಮ್ಮೂರ ಶಾಲೆಯಲ್ಲಿ ಹಾಜರಿ ಪುಸ್ತಕದ ಹೆಸರು ಮೇಷ್ಟ್ರಿಗೆ ಮಾತ್ರ. ನಮಗೆಲ್ಲ ಕರಿಯ, ಡುಮ್ಮ, ಕಡ್ಡಿ, ಹಲ್ಲುಬ್ಬ. ಕರಿಯ ಅನ್ನಿಸಿಕೊಂಡವನೇ ಡುಮ್ಮನನ್ನ ಎಲ್ಲರಿಗಿಂತ ಜೋರಾಗಿ ಕೂಗ್ತಿದ್ದ, ತನ್ನ ಮೇಲಿನ ಕಣ್ಣು ಆ ಕಡೆ ಹೋಗಲಿ ಅಂತ. ಭಾಷಣಗಳು ಇದನ್ನ ಮುಟ್ಟಲ್ಲ. ಈ ಸಿನಿಮಾ ಮುಟ್ಟುತ್ತೆ, ಅದೂ ನಾಯಕನನ್ನೇ ಸಣ್ಣವನನ್ನಾಗಿ ಮಾಡಿ.

ಕೊರತೆ ಇಲ್ಲ ಅಂತಲ್ಲ. ಕತೆ ನಡೆಯೋದು ಜನಾರ್ದನನ ಕಣ್ಣಿಂದ. ಹಾಗಾಗಿ ಸರಳಾ ಬರೋದೇ ಅವನಿಗೆ ಪಾಠ ಕಲಿಸೋಕೆ ಅನ್ನಿಸಿಬಿಡುತ್ತೆ. ಕನ್ನಡಿ ಮುಂದೆ ನಿಂತರೆ ಅವಳಿಗೆ ಏನು ಕಾಣುತ್ತೆ? ಕ್ಲಾಸಿನ ಹುಡುಗರೂ ಅಷ್ಟೇ, ನಗೋದೇ ಅವರ ಕೆಲಸ. ಮೊಡವೆ, ಒಡೆದ ದನಿ, ಇನ್ನೂ ಮೂಡದ ಮೀಸೆ, ಇದ್ಯಾವುದರ ಚಿಂತೆಯೂ ಅವರಿಗಿಲ್ವಾ?

2019ರಲ್ಲಿ ಇದೇ ಕತೆ ಮಲಯಾಳಂನಲ್ಲಿ ‘ತಮಾಶಾ’ ಆಯ್ತು. ಹುಡುಗಿಯ ವಿಷಯದಲ್ಲಿ ಅದು ಒಂದು ಹೆಜ್ಜೆ ಮುಂದಿದೆ. ಅಲ್ಲಿ ಚಿನ್ನುವಿನ ಫೋಟೋ ಫೇಸ್‌ಬುಕ್‌ಗೆ ಬಿದ್ದು, ಗುರುತು ಪರಿಚಯ ಇಲ್ಲದವರೆಲ್ಲ ಅವಳ ಮೈ ಬಗ್ಗೆ ಬಾಯಿಗೆ ಬಂದದ್ದು ಬರೀತಾರೆ. ಈಗಿನ ಮಕ್ಕಳ ಕಷ್ಟ ಇದು. ನಮ್ಮ ಅಡ್ಡಹೆಸರು ಊರಿನೊಳಗೇ ಉಳೀತಿತ್ತು. ಇವರನ್ನ ಆಡಿಕೊಳ್ಳೋರು ರಾತ್ರಿ ಹೊದ್ದ ಕಂಬಳಿಯೊಳಕ್ಕೂ ಬರ್ತಾರೆ. (ಸಾಲದ್ದಕ್ಕೆ ಎಷ್ಟೋ ಫೋನ್‌ಗಳ ಸೆಲ್ಫಿ ಕ್ಯಾಮೆರಾ ಕೇಳದೇನೇ ಮುಖ ನುಣುಪು ಮಾಡಿ ತೋರಿಸುತ್ತೆ. ನಮ್ಮಂಥ ಇಂಜಿನಿಯರುಗಳೇ ಬರೆದ ಕೋಡು ಅದು.)

ಮನೆಯಲ್ಲಿ ಮಕ್ಕಳ ಜೊತೆ ‘ಮೊಟ್ಟೆ’ ನೋಡೋದಾದರೆ, ಜನಾರ್ದನ ಸರಳಾಳನ್ನ ಮೊದಲ ಸಲ ಭೇಟಿಯಾಗುವಲ್ಲಿ ಒಂದು ನಿಮಿಷ ನಿಲ್ಲಿಸಿ, ಈಗ ಅವಳಿಗೆ ಏನನ್ನಿಸಿರಬಹುದು ಅಂತ ಕೇಳಿ. ಉತ್ತರ ತಕ್ಷಣ ಬರಲಿಕ್ಕಿಲ್ಲ, ಬಿಡಿ. ಆಮೇಲೆ ಊಟಕ್ಕೆ ಕೂತಾಗ ‘ಅನ್ನ ಕಮ್ಮಿ ಹಾಕ್ಕೋ’ ಅಂತ ಮಾತ್ರ ಅನ್ನಬೇಡಿ.